ತಾತನ ಉಕ್ಕಿನ ಟೋಪಿಗೆ ಬಣ್ಣ ಹೊಡೆಯುವ ಮುಂಚೆ

ಮೊದಲು ಒಂದು ಅಯಸ್ಕಾಂತ ತನ್ನಿ. ಎಮರಿ ಪೇಪರ್, ಥಿನ್ನರ್, ಬಣ್ಣದ ಡಬ್ಬಿ ಎಲ್ಲ ಆಮೇಲೆ. ಫ್ರಿಜ್ ಬಾಗಿಲಿಗೆ ಅಂಟಿಸುವ ಸಣ್ಣ ಅಯಸ್ಕಾಂತವೇ ಸಾಕು. ಹೆಲ್ಮೆಟ್ಟಿನ ನೆತ್ತಿಗೆ, ಪಕ್ಕಕ್ಕೆ, ಅಂಚಿಗೆ ಹಿಡಿದು ನೋಡಿ. ಅಂಟದೆ ಜಾರಿ ಬಿದ್ದರೆ ಅದು ಮ್ಯಾಂಗನೀಸ್ ಉಕ್ಕು, ಸೈನ್ಯಕ್ಕೆಂದೇ ಒತ್ತಿದ ಟೋಪಿ. ಟಪ್ಪೆಂದು ಅಂಟಿಕೊಂಡರೆ ಮೆದು ಉಕ್ಕಿನದು. ಯುದ್ಧಕಾಲದಲ್ಲಿ ವಿಮಾನದಾಳಿ ರಕ್ಷಣೆಯ ನಾಗರಿಕ ಕೆಲಸಕ್ಕೆ ಇಂಥವು ಬೇಕಾದಷ್ಟು ತಯಾರಾಗಿದ್ದವು. ಎರಡಕ್ಕೂ ಬಣ್ಣ ಹೊಡೆಯಬಹುದು. ಆದರೆ ಎರಡರ ಮೇಲೂ ಒಂದೇ ಥರ ಕೈ ಇಡುವ ಹಾಗಿಲ್ಲ.

ನಾನು ಮೈಸೂರಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಕೆಲಸದವನು. ಅಂಬಾಸಡರ್, ಫಿಯಟ್, ವಿಲ್ಲೀಸ್ ಜೀಪು ಮಾಡಿಕೊಂಡು ಬಂದವನ ಕೈಗೆ ಹೆಲ್ಮೆಟ್ಟುಗಳು ಬಂದದ್ದು ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ. ಹೆಚ್ಚಿನವು ಕೊಡಗು, ಹಾಸನದ ಕಡೆಯ ಮನೆಗಳ ಅಟ್ಟದಿಂದ ಇಳಿದವು. ಒಂದೆರಡು ಬಿಟ್ಟರೆ ಎಲ್ಲವೂ ಒಂದೇ ಜಾತಿ: ಅಗಲ ಅಂಚಿನ, ಬೋಗುಣಿ ಮಗುಚಿಟ್ಟಂತೆ ಕಾಣುವ ಬ್ರಿಟಿಷ್ ಮಾರ್ಕ್ 2. ಇದರ ಮೂಲ ರೂಪಕ್ಕೆ ಲಂಡನ್ನಿನ ಜಾನ್ ಲಿಯೊಪೋಲ್ಡ್ ಬ್ರೋಡಿ 1915ರಲ್ಲಿ ಪೇಟೆಂಟ್ ಪಡೆದ. ಒಳಗಿನ ಅಟ್ಟೆ (ತಲೆಗೆ ತಾಗುವ ಒಳಪದರ), ಗಲ್ಲಪಟ್ಟಿ ಬದಲಾಗಿ 1938ರ ಹೊತ್ತಿಗೆ ಮಾರ್ಕ್ 2 ಆಯಿತು. ಎರಡನೇ ಮಹಾಯುದ್ಧದಲ್ಲಿ ಆಫ್ರಿಕಾ, ಇಟಲಿ, ಮಲಯಕ್ಕೆ ಹೋದ ನಮ್ಮ ಸಿಪಾಯಿಗಳ ತಲೆಯ ಮೇಲಿದ್ದದ್ದು ಇದೇ. ನಾನು ಹೇಳುವುದೆಲ್ಲ ಈ ಮಾರ್ಕ್ 2ಕ್ಕೆ ಸಂಬಂಧಿಸಿದ್ದು.

ಇದಕ್ಕಿಂತ ಮುಂಚೆ ನನ್ನ ಸ್ವಂತ ಕಥೆ ಹೇಳಬೇಕು, ಯಾಕೆಂದರೆ ಮುಂದಿನ ಕ್ರಮವೆಲ್ಲ ಅದರಿಂದಲೇ ಹುಟ್ಟಿದ್ದು. 1994ರಲ್ಲಿ, ಕೆಲಸ ಕಲಿತು ಮೂರು ವರ್ಷವಾಗಿದ್ದಾಗ, ನಮ್ಮ ತಾತನ ಹೆಲ್ಮೆಟ್ಟನ್ನು ಹೊಸದರ ಹಾಗೆ ಮಾಡಿಕೊಡುತ್ತೇನೆಂದು ಗ್ಯಾರೇಜಿಗೆ ತಂದೆ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಅರ್ಧ ಗಂಟೆಯಲ್ಲಿ ಒಳಗೂ ಹೊರಗೂ ಬೆಳ್ಳಿಯಂತೆ ಬೆಳಗಿದೆ. ರೆಡ್ ಆಕ್ಸೈಡ್ ಪ್ರೈಮರ್ ಹೊಡೆದೆ, ಮೇಲೆ ಹೊಳೆಯುವ ಹಸಿರು. ಮನೆಗೆ ತಂದಾಗ ಅಜ್ಜಿ ಅದನ್ನು ಮಗುಚಿ ಒಳಗೆ ಬೆರಳಾಡಿಸಿ, "ಇಲ್ಲಿ ಬಿಳೀ ಬಣ್ಣದಲ್ಲಿ ಅವರ ನಂಬರು ಬರೆದಿತ್ತಲ್ಲ ಮಗಾ, ಎಲ್ಲಿ ಹೋಯ್ತು?" ಅಂದರು. ತಾತ ತೀರಿಕೊಂಡು ಆರು ವರ್ಷವಾಗಿತ್ತು. ಕಾಗದಪತ್ರವೆಲ್ಲ ಗೆದ್ದಲು ಹಿಡಿದು ಹೋಗಿತ್ತು. ಸೈನಿಕನೊಬ್ಬನ ದಾಖಲೆ ಕೇಳಿ ಹೋದರೆ ಮೊದಲು ಕೇಳುವುದೇ ಆ ನಂಬರು. ನಮ್ಮ ಮನೆಯಲ್ಲಿ ಅದು ಉಳಿದಿದ್ದ ಒಂದೇ ಜಾಗವನ್ನು ನಾನೇ ತಿಕ್ಕಿ ಹಾಕಿದ್ದೆ.

ಅದಕ್ಕೇ ಈಗ ಯಾರೇ ಹೆಲ್ಮೆಟ್ ತಂದರೂ ಎರಡು ದಿನ ಅದನ್ನು ಬರೀ ನೋಡುತ್ತೇನೆ.

ನೋಡುವುದು ಹೇಗೆ

ಬೆಳಗಿನ ಎಂಟು, ಒಂಬತ್ತು ಗಂಟೆಯ ಬಿಸಿಲು ಓರೆಯಾಗಿ ಬೀಳುವ ಕಡೆ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಎಲ್ಲ ಮಗ್ಗುಲಿನ ಫೋಟೋ ತೆಗೆಯಿರಿ. ಒಳಮೈಯನ್ನು ಟಾರ್ಚ್ ಅಡ್ಡ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಅಡ್ಡ ಬೆಳಕಿನಲ್ಲಿ ಎದ್ದು ಬರುತ್ತದೆ. ಅಂಚಿನ ಕೆಳಮೈಯಲ್ಲಿ ಒತ್ತಿದ ಮುದ್ರೆ ಇರುತ್ತದೆ: ತಯಾರಕರ ಅಕ್ಷರ, ಇಸವಿ. ಬಿ.ಎಂ.ಬಿ. ಅಂದರೆ ಡ್ಯಾಗೆನ್‌ಹ್ಯಾಮಿನ ಬ್ರಿಗ್ಸ್ ಮೋಟಾರ್ ಬಾಡೀಸ್, ಜೆ.ಎಸ್.ಎಸ್. ಅಂದರೆ ಜೋಸೆಫ್ ಸ್ಯಾಂಕಿ. ಕಾರಿನ ಬಾಡಿ ಒತ್ತುವವರೇ ಆಗ ಟೋಪಿಯನ್ನೂ ಒತ್ತಿದರು. ಟಿಂಕರಿಂಗಿನವನಾದ ನನಗೆ ಅದು ತುಂಬ ಹತ್ತಿರದ ವಿಷಯ. ಗಲ್ಲಪಟ್ಟಿಯ ಕೊಂಡಿಯ ಮೇಲೂ, ಒಳಗಿನ ಅಟ್ಟೆಯ ಮೇಲೂ ಬೇರೆ ಬೇರೆ ಮುದ್ರೆ ಇರಬಹುದು. ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಇಸವಿ ಒಂದಕ್ಕೊಂದು ತಾಳೆಯಾಗದಿದ್ದರೆ ಗಾಬರಿ ಬೇಡ. ಸೈನ್ಯದಲ್ಲಿ ಅಟ್ಟೆ, ಪಟ್ಟಿ ಸವೆದಾಗ ಬದಲಾಯಿಸುತ್ತಿದ್ದರು.

ಅಂಚಿನಲ್ಲಿ ಕೊರೆದ ತೂತು ಕಂಡರೆ ಪುಟ್ಟಿ ತುಂಬಬೇಡಿ. ಪರೀಕ್ಷೆಯಲ್ಲಿ ಸೈನ್ಯದ ಮಟ್ಟಕ್ಕೆ ಬಾರದ ಟೋಪಿಗಳಿಗೆ ಗುರುತಿಗಾಗಿ ತೂತು ಕೊರೆದು ನಾಗರಿಕ ಕೆಲಸಕ್ಕೆ ಕೊಡುತ್ತಿದ್ದರು. ದಕ್ಷಿಣ ಆಫ್ರಿಕಾದಲ್ಲಿ ತಯಾರಾದವಕ್ಕಂತೂ ಹಿಂಭಾಗದ ಅಂಚಿನಲ್ಲಿ ಮೂರು ತೂತು ಹುಟ್ಟಿನಿಂದಲೇ ಇರುತ್ತದೆ. ಆ ತೂತೇ ಅದರ ಜಾತಕ.

ಆಮೇಲೆ ಬಣ್ಣದ ಪದರ ಓದಬೇಕು. ಕಾರಿನ ಪೇಂಟರ್‌ಗಳಿಗೆ ಇದು ಗೊತ್ತಿರುವ ವಿದ್ಯೆ. ಹಳೇ ಅಂಬಾಸಡರಿನ ಬಾಗಿಲನ್ನು ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಎಮರಿ ಪೇಪರ್) ಫೆದರಿಂಗ್ ಮಾಡುವಾಗ, ಅಂದರೆ ಬಣ್ಣದ ಅಂಚನ್ನು ಇಳಿಜಾರಾಗಿ ಉಜ್ಜುವಾಗ, ಬಳೆಯ ಒಳಗೆ ಬಳೆ ಇಟ್ಟಂತೆ ಉಂಗುರಗಳು ಮೂಡುತ್ತವೆ. ಆ ಗಾಡಿಗೆ ಎಷ್ಟು ಸಲ ಬಣ್ಣ ಹೊಡೆದಿದ್ದಾರೆ, ಯಾವ ಯಾವುದು ಎಂದು ಅಲ್ಲೇ ಗೊತ್ತಾಗುತ್ತದೆ. ಇಲ್ಲೂ ಅದನ್ನೇ ಮಾಡಿ. ಅಂಚಿನ ಹಿಂಭಾಗದಲ್ಲಿ, ಯಾವ ಬರಹವೂ ಇಲ್ಲದ ಕಡೆ, ಒಂದು ರೂಪಾಯಿ ನಾಣ್ಯದಷ್ಟೇ ಜಾಗವನ್ನು 1000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ, ನಡುವೆ ಆಳವಾಗಿ, ಸುತ್ತ ತೇಲಿಸಿ ಉಜ್ಜಿ. ಹೊರಗಿನ ಉಂಗುರ ಈಚಿನ ಬಣ್ಣ, ಒಳಗಿನದು ಹಳೆಯದು. ಖಾಕಿ ಹಸಿರು, ಅದರ ಮೇಲೆ ಮರಳಿನ ಬಣ್ಣ, ಅದರ ಮೇಲೆ ಮತ್ತೆ ಕಪ್ಪುಹಸಿರು ಹೀಗೆ ಕಂಡರೆ, ಆ ಟೋಪಿ ಮರುಭೂಮಿ ಕಂಡು ಬಂದಿರುವ ಸಾಧ್ಯತೆ ಇದೆ. ಬೂದುನೀಲಿ ಇದ್ದರೆ ವಾಯುಪಡೆ ಇರಬಹುದು.

ಒಂದು ಎಚ್ಚರಿಕೆ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು. ಒಣಗಿದ್ದನ್ನು ಉಜ್ಜಬೇಡಿ, ಗ್ರೈಂಡರ್ ಮುಟ್ಟಿಸಲೇಬೇಡಿ. ನೀರು ಹಾಕಿಯೇ ಉಜ್ಜಿ, ಎನ್95 ಮಾಸ್ಕ್ ಹಾಕಿಕೊಳ್ಳಿ, ಆ ನೀರನ್ನೂ ಬಟ್ಟೆಯನ್ನೂ ಬೇರೆ ಕಟ್ಟಿ ಎಸೆಯಿರಿ, ಮಕ್ಕಳನ್ನು ದೂರವಿಡಿ. ಒಳಗಿನ ಮೆತ್ತೆಯ ವಿಷಯ ಇನ್ನೂ ಗಂಭೀರ. ಮೊದಲ ಮಹಾಯುದ್ಧದ ಬ್ರೋಡಿ ಟೋಪಿಗಳ ಒಳಪದರದಲ್ಲಿ ಆಸ್ಬೆಸ್ಟಾಸ್ ಇರುವುದನ್ನು ಬ್ರಿಟನ್ನಿನ ಸುರಕ್ಷತಾ ಇಲಾಖೆ ಪರೀಕ್ಷಿಸಿ ಕಂಡುಕೊಂಡಿದೆ. ಹಳೇ ಒಳಪದರ ಪುಡಿಪುಡಿಯಾಗಿ ಉದುರುತ್ತಿದ್ದರೆ ಕೊಡವಬೇಡಿ, ಗುಡಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು ಹಾಗೇ ಬಿಟ್ಟುಬಿಡಿ.

ಬಿಚ್ಚುವುದು, ತುಕ್ಕು ತೆಗೆಯುವುದು

ಮಾರ್ಕ್ 2ರ ಒಳ ಅಟ್ಟೆ ನಿಂತಿರುವುದು ನೆತ್ತಿಯಲ್ಲಿರುವ ಒಂದೇ ಸ್ಕ್ರೂ ಮೇಲೆ. ಎಪ್ಪತ್ತು, ಎಂಬತ್ತು ವರ್ಷದಿಂದ ಕಚ್ಚಿಕೊಂಡು ಕೂತ ಸ್ಕ್ರೂ ಅದು. ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು ಒಂದು ರಾತ್ರಿ ಕಾಯಿರಿ, ಬೆಳಿಗ್ಗೆ ಮತ್ತೆರಡು ಹನಿ. ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇದ್ದರೆ ಮಾತ್ರ ತಿರುಗಿಸಿ. ಮೂರು ದಿನ ಕಳೆದರೂ ಬಾರದಿದ್ದರೆ ಅಟ್ಟೆಯನ್ನು ಅಲ್ಲೇ ಬಿಟ್ಟು, ಪ್ಲಾಸ್ಟಿಕ್ ಹಾಳೆ, ಮಾಸ್ಕಿಂಗ್ ಟೇಪಿನಿಂದ ಮುಚ್ಚಿ ಹೊರಮೈಯ ಕೆಲಸ ಮಾಡಿ. ಡ್ರಿಲ್ ಹಿಡಿಯಬೇಡಿ. ಅದಕ್ಕೆ ಕಾರಣ ಅಯಸ್ಕಾಂತಕ್ಕೆ ಅಂಟದ ಆ ಮ್ಯಾಂಗನೀಸ್ ಉಕ್ಕಿನ ಗುಣ.

ಶೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಕೊಂಡ ಉಕ್ಕು ಇದು, ಸುಮಾರು ನೂರಕ್ಕೆ 12ರಷ್ಟು ಮ್ಯಾಂಗನೀಸ್ ಇರುವುದು. ಏಟು ಬಿದ್ದ ಜಾಗದಲ್ಲಿ ಇದು ಮೊದಲಿಗಿಂತ ಗಟ್ಟಿಯಾಗುತ್ತದೆ. ಸಿಡಿಗುಂಡಿನ ಚೂರನ್ನು ತಡೆಯಲು ಇದನ್ನು ಆರಿಸಿದ್ದು ಆ ಗುಣಕ್ಕೇ. ನಮ್ಮ ಸುತ್ತಿಗೆಗೂ ಅದೇ ಉತ್ತರ ಕೊಡುತ್ತದೆ. ಕಾರಿನ ಮಡ್‌ಗಾರ್ಡಿನ ಡೆಂಟನ್ನು ಒಳಗಿಂದ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಕೊಟ್ಟು ಎಬ್ಬಿಸಿದ ಹಾಗೆ ಇದನ್ನು ಎಬ್ಬಿಸಲು ಹೋದರೆ ಪ್ರತಿ ಪೆಟ್ಟಿಗೂ ಗಟ್ಟಿಯಾಗಿ, ಕೊನೆಗೆ ಅಂಚು ಸೀಳುತ್ತದೆ. ಡ್ರಿಲ್ ಬಿಟ್ ತಿರುಗಿದಷ್ಟೂ ತೂತಿನ ಜಾಗ ಗಟ್ಟಿಯಾಗಿ ಬಿಟ್ಟೇ ಮೊಂಡಾಗುತ್ತದೆ. ಇನ್ನು ಗ್ಯಾಸ್ ಹಿಡಿದು ಕಾಯಿಸುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಈ ಉಕ್ಕನ್ನು ಕಾಯಿಸಿ ತಾನೇ ಆರಲು ಬಿಟ್ಟರೆ ಪೆಡಸಾಗುತ್ತದೆ. ಹಾಗಾಗಿ ಡೆಂಟ್ ಇದ್ದರೆ ಇರಲಿ. ಅಷ್ಟಕ್ಕೂ ಆ ಡೆಂಟನ್ನು ನಾನು ಸರಿಮಾಡಬೇಕಾದ ತಪ್ಪು ಎಂದು ಈಗ ನೋಡುವುದಿಲ್ಲ. ಅದು ಎಲ್ಲಿ ಬಿತ್ತೋ, ಯಾರ ತಲೆ ಅದರ ಕೆಳಗಿತ್ತೋ.

ಮಣ್ಣು, ಜಿಡ್ಡು ಹೋಗಲು ಉಗುರು ಬೆಚ್ಚಗಿನ ನೀರಿಗೆ ಒಂದಿಷ್ಟು ಅಂಟುವಾಳದ ನೊರೆ ಹಾಕಿ ಮೆತ್ತನೆ ಬ್ರಷ್ಷಿನಲ್ಲಿ ತೊಳೆಯಿರಿ. ಬರಹವಿದ್ದ ಕಡೆ ಬ್ರಷ್ ಬೇಡ, ಒದ್ದೆ ಹತ್ತಿ ಒತ್ತಿ ತೆಗೆದರೆ ಸಾಕು.

ತುಕ್ಕಿನಲ್ಲಿ ಮೂರು ಬಗೆ ನೋಡಿದ್ದೇನೆ. ಬಣ್ಣದ ಮೇಲೆ ಕಂದು ಛಾಯೆಯಷ್ಟೇ ಇದ್ದರೆ ಎಣ್ಣೆ ಹಚ್ಚಿದ ಅತಿ ನಯದ ಸ್ಟೀಲ್ ವುಲ್ಲಿನಿಂದ ಹಗುರಾಗಿ ಆಡಿಸಿದರೆ ಹೋಗುತ್ತದೆ. ಹಕ್ಕಳೆ ಎದ್ದಿದ್ದರೆ ಬಿದಿರಿನ ಚೂಪು ಕಡ್ಡಿಯಿಂದ ಎಬ್ಬಿಸಿ. ಬಣ್ಣದ ಕೆಳಗೇ ಹರಡಿ ಕೂತಿದ್ದರೆ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು: ಒಂದು ಲೀಟರಿಗೆ 50 ಗ್ರಾಂ. ಅಟ್ಟೆ ಬಿಚ್ಚಿದ ಟೋಪಿಯನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣೂ ಇದೇ ಕೆಲಸ ಮಾಡುತ್ತದೆ, ಆದರೆ ಅದರ ನಾರು, ಜಿಗುಟು ಒರಟು ಬಣ್ಣದ ಸಂದಿಯಲ್ಲಿ ಕೂತು ಮತ್ತೆ ತುಕ್ಕು ತರುತ್ತದೆ. ಹುಳಿ ಮುಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಕೂಡಲೇ ಒರೆಸಿ ಬಿಸಿಲಿಗಿಡಿ. ಹತ್ತು ನಿಮಿಷ ತಡಮಾಡಿದರೂ ಹೊಸ ತುಕ್ಕಿನ ತೆಳು ಕೆಂಪು ಹತ್ತಿಕೊಳ್ಳುತ್ತದೆ.

ಇಲ್ಲಿಗೆ ಬಂದಾಗ ನನ್ನ ಹತ್ತಿರ ಬಂದ ಹೆಲ್ಮೆಟ್ಟುಗಳಲ್ಲಿ ಅರ್ಧಕ್ಕರ್ಧ ಕೆಲಸ ಮುಗಿದೇ ಹೋಗುತ್ತದೆ. ಹಳೇ ಬಣ್ಣ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ನಾನು ಹೊಸ ಬಣ್ಣ ಹೊಡೆಯುವುದಿಲ್ಲ, ದುಡ್ಡು ಹೆಚ್ಚು ಕೊಡುತ್ತೇನೆಂದರೂ ಇಲ್ಲ. ಬರಿಗಬ್ಬಿಣ ಕಾಣುವ ಕಡೆಗಳಿಗೆ ಮಾತ್ರ ತೇಪೆ. ಅದಕ್ಕೆ ಮ್ಯೂಸಿಯಮ್ಮಿನವರು ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಂಟಿನ ಹರಳನ್ನು ಅಸಿಟೋನಿನಲ್ಲಿ ತೆಳ್ಳಗೆ, ನೂರಕ್ಕೆ ಐದರಷ್ಟು, ಕರಗಿಸಿ ಆ ಜಾಗಕ್ಕೆ ಹಚ್ಚುತ್ತೇನೆ. ಒಣಗಿದ ಮೇಲೆ ಚಿತ್ರ ಬರೆಯುವ ಅಕ್ರಿಲಿಕ್ ಬಣ್ಣದಿಂದ ಸಣ್ಣ ಕುಂಚದಲ್ಲಿ ತುಂಬುತ್ತೇನೆ. ನಾಳೆ ಯಾರಿಗಾದರೂ ನನ್ನ ತೇಪೆ ಬೇಡವೆನಿಸಿದರೆ ಅಸಿಟೋನ್ ಹತ್ತಿಯಿಂದ ಬರಿಗಬ್ಬಿಣದ ಮೇಲಿಂದ ಒರೆಸಿ ತೆಗೆಯಬಹುದು, ಸುತ್ತಲಿನ ಹಳೇ ಬಣ್ಣಕ್ಕೆ ತಾಗದಂತೆ ಹುಷಾರಾಗಿ.

ಪೂರ್ತಿ ಬಣ್ಣ ಹೊಡೆಯಲೇಬೇಕಾದಾಗ

ಸಕಲೇಶಪುರದ ಕಡೆಯ ಒಂದು ಮನೆಯಿಂದ ಬಂದದ್ದು ಅಲ್ಯೂಮಿನಿಯಂ ಪೇಂಟ್ ಬಳಿದು ಕೋಳಿಗೆ ನುಚ್ಚು ಹಾಕಲು ಇಟ್ಟುಕೊಂಡಿದ್ದ ಟೋಪಿ. ಇಂಥದ್ದಕ್ಕೆ ಪೇಂಟ್ ರಿಮೂವರ್ ಸುರಿದರೆ ಹೊಸದರ ಜೊತೆ ಹಳೆಯದೂ ಬೆಂದು ಕಿತ್ತುಬರುತ್ತದೆ. ಮನೆಯಲ್ಲಿ ಬಳಿದ ಬಣ್ಣ ಜಿಡ್ಡಿನ ಮೇಲೆ ಕೂತಿರುವುದರಿಂದ ಅದರ ಹಿಡಿತ ಕಡಿಮೆ. ಬಿದಿರಿನ ಚಕ್ಕೆಯನ್ನು ಉಳಿಯಂತೆ ಚೂಪು ಮಾಡಿಕೊಂಡು ಓರೆಯಾಗಿ ತಳ್ಳಿದರೆ ಚೂರು ಚೂರೇ ಎದ್ದು ಬರುತ್ತದೆ. ದಿನಾ ಸಂಜೆ ಗ್ಯಾರೇಜ್ ಮುಚ್ಚಿದ ಮೇಲೆ ಒಂದು ಗಂಟೆಯಂತೆ ಮೂರು ವಾರ ಹಿಡಿಯಿತು. ಹೊರಮೈಯಲ್ಲಿ ಹಳೇ ಬಣ್ಣ ಅಲ್ಲಲ್ಲಿ ಕೈಯಗಲದಷ್ಟೇ ಉಳಿದಿತ್ತು. ಒಳಮೈಯಲ್ಲಿ, ಬಲಕಿವಿಯ ಮೇಲೆ, ಬಿಳಿಯಲ್ಲಿ ಐದು ಅಂಕಿ. ಕೆಲಸ ಅಲ್ಲೇ ನಿಲ್ಲಿಸಿ ಆ ಮನೆಯವರಿಗೆ ಫೋನ್ ಮಾಡಿದೆ. ಒಳಮೈಯನ್ನು ಆಮೇಲೆ ಮುಟ್ಟಲಿಲ್ಲ. ಹೊರಮೈಗೆ ಮಾತ್ರ ಬಣ್ಣ ಹೊಡೆದದ್ದು ಹೀಗೆ.

ಮೊದಲು ಮಳೆಗಾಲ ಮುಗಿಯಲಿ ಎಂದು ಕಾದೆ. ತೇವದ ಗಾಳಿಯಲ್ಲಿ ಅಸಿಟೋನಿನ ಬಿ-72 ಹಚ್ಚಿದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಉಳಿದ ಹಳೇ ಬಣ್ಣದ ಮೇಲೆ ಬಿ-72ರ ತೆಳು ಪದರ. ಬರಿಗಬ್ಬಿಣದ ಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಅದೂ ತೆಳ್ಳಗೆ ಒಂದೇ ಕೋಟು. ಎನಾಮೆಲ್ ಪ್ರೈಮರನ್ನೇ ಆರಿಸಿ. ಕಾರಿಗೆ ಹಾಕುವ ಎನ್.ಸಿ. ಥಿನ್ನರ್ ಕೆಳಗಿನ ಬಿ-72ನ್ನೂ ಹಳೇ ಬಣ್ಣವನ್ನೂ ಕರಗಿಸಿಬಿಡುತ್ತದೆ. ಪುಟ್ಟಿ ಬೇಡವೇ ಬೇಡ. ಈ ಟೋಪಿಗಳು ನಯವಾಗಿರಲಿಲ್ಲ.

ನಯವಾಗಿರಲಿಲ್ಲ ಅನ್ನುವುದೇ ಮುಖ್ಯ. ಬಿಸಿಲಿನಲ್ಲಿ ಹೊಳೆದರೆ ಶತ್ರುವಿಗೆ ಗುರುತು ಸಿಗುತ್ತದೆಂದು ಬಣ್ಣಕ್ಕೆ ಒರಟು ಬೆರೆಸುತ್ತಿದ್ದರು: ಮೊದಲ ಮಹಾಯುದ್ಧದ ಟೋಪಿಗೆ ಮರದ ಹೊಟ್ಟು, ಮಾರ್ಕ್ 2ಕ್ಕೆ ಮರಳಿನಂಥ ಪುಡಿ, ಅಮೆರಿಕದ ಎಂ1ಕ್ಕೆ ಬಿರಡೆಯ ಪುಡಿ. ಮರಳನ್ನು ನಾನು ಹೀಗೆ ಸಿದ್ಧ ಮಾಡುತ್ತೇನೆ. ಹೊಳೆಮರಳನ್ನು ನಾಲ್ಕು ನೀರಿನಲ್ಲಿ ತೊಳೆದು, ಹಂಚಿನ ಮೇಲೆ ಹುರಿದು ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಬೇಕು. ಕೆಳಗೆ ಬಿದ್ದದ್ದನ್ನು ತೆಳು ಪಂಚೆಯಲ್ಲಿ ಇನ್ನೊಮ್ಮೆ ಜಾಡಿಸಿ ದೂಳು ತೆಗೆಯಿರಿ. ಸಣ್ಣ ರವೆಗಿಂತ ಸಣ್ಣಗಿರಬೇಕು. ಟೋಪಿಗೆ ಮೊದಲ ಕೋಟು ಬಣ್ಣ ಹೊಡೆದು ಅದು ಇನ್ನೂ ಹಸಿಯಿರುವಾಗ, ಒಂದಡಿ ಎತ್ತರದಿಂದ ಜಾಲರಿ ತಟ್ಟುತ್ತಾ, ರಂಗೋಲಿ ಪುಡಿ ಉದುರಿಸುವ ಹಗುರದಲ್ಲಿ ಉದುರಿಸಿ. ಒಂದೇ ಕಡೆ ಗುಪ್ಪೆ ಬೀಳಬಾರದು. ಮಾರನೇ ದಿನ ಮಗುಚಿ ತಟ್ಟಿ ಅಂಟದ ಮರಳನ್ನು ಉದುರಿಸಿ, ಮೇಲೆ ಎರಡನೇ ಕೋಟು. ಇದನ್ನು ಮೊದಲು ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಮಾಡಿ ನೋಡಿ. ನನಗೆ ಹದ ಸಿಕ್ಕಿದ್ದು ಏಳನೇ ಮುಚ್ಚಳಕ್ಕೆ.

ಬಣ್ಣ ಕೂಡಿಸುವಾಗ ಕೊಂಡಿಯ ಅಡಿಯಲ್ಲಿ ಬಿಸಿಲು ಕಾಣದೆ ಉಳಿದ ಹಳೇ ಬಣ್ಣವನ್ನು ಮಾದರಿಗೆ ಇಟ್ಟುಕೊಳ್ಳಿ. ಹೊರಮೈಯಲ್ಲಿ ಕಾಣುವುದು ಬಿಳಿಚಿಕೊಂಡದ್ದು. ಹೊಸ ಬಣ್ಣವನ್ನು ಡಬ್ಬಿಯಲ್ಲಿ ನೋಡಿ ತಾಳೆ ಹಾಕಬೇಡಿ; ಮ್ಯಾಟ್ ಬಣ್ಣ ಹಸಿಯಿದ್ದಾಗ ಒಂದು ಕಾಣುತ್ತದೆ, ಒಣಗಿದಾಗ ಇನ್ನೊಂದು. ಮುಚ್ಚಳದ ಮೇಲೆ ಹಚ್ಚಿ ಪೂರ್ತಿ ಒಣಗಿಸಿ, ಹಗಲು ಬೆಳಕಿನಲ್ಲಿ ಪಕ್ಕಕ್ಕೆ ಹಿಡಿಯಿರಿ. ಬುಲೆಟ್ ಬೈಕಿಗೆ ಹೊಡೆಯುವ ಮಿಲಿಟರಿ ಗ್ರೀನ್ ಇದಕ್ಕೆ ಹೊಂದುವುದಿಲ್ಲ. ನನಗೆ ಸಾಮಾನ್ಯವಾಗಿ ಆಲಿವ್ ಹಸಿರಿಗೆ ಸ್ವಲ್ಪ ಕಂದು, ಒಂದು ಹನಿ ಕಪ್ಪು ಸೇರಿಸಬೇಕಾಗುತ್ತದೆ. ಹೊಳಪು ಪೂರ್ತಿ ಸಾಯಿಸಲು ಮ್ಯಾಟ್ ಬೇಸ್ ಹಾಕಿ.

ಸ್ಪ್ರೇ ಗನ್ ಆದರೆ ಒತ್ತಡ ಕಡಿಮೆ ಇಟ್ಟು, ಒಂದು ಗೇಣು ದೂರದಿಂದ ತೆಳ್ಳಗೆ ಹಾಯಿಸಿ. ಹಳೇ ಬಣ್ಣದಲ್ಲಿ ಕುಂಚದ ಗೆರೆ ಕಂಡಿದ್ದರೆ ನೀವೂ ಕುಂಚವನ್ನೇ ಹಿಡಿಯಿರಿ. ಯುದ್ಧಭೂಮಿಯಲ್ಲಿ ಸಿಪಾಯಿಗಳು ಸಿಕ್ಕಿದ ಬಣ್ಣವನ್ನು ಕೈಯಾರೆ ಬಳಿದುಕೊಂಡದ್ದು ಹಾಗೇ ಇತ್ತು. ಅಂಚಿಗೆ ಸುತ್ತಿದ ಸ್ಟೇನ್‌ಲೆಸ್ ಪಟ್ಟಿಗೂ ಬಣ್ಣ ಹೊಡೆಯಬೇಕು; ಅದನ್ನು ಪಾಲಿಷ್ ಮಾಡಿ ಹೊಳೆಸುವವರಿದ್ದಾರೆ, ಸೈನ್ಯದಲ್ಲಿ ಅದು ಹೊಳೆಯುತ್ತಿರಲಿಲ್ಲ.

ಇನ್ನೊಂದನ್ನು ಖಂಡಿತವಾಗಿ ಹೇಳುತ್ತೇನೆ. ಇಲ್ಲದ ಚಿಹ್ನೆ ಬರೆಯಬೇಡಿ. 4ನೇ ಇಂಡಿಯನ್ ಡಿವಿಜನ್ನಿನ ಕೆಂಪು ಹದ್ದು, 17ನೆಯದರ ಕಪ್ಪು ಬೆಕ್ಕು ಬರೆದುಕೊಡಿ, ಒಳ್ಳೇ ಬೆಲೆ ಬರುತ್ತದೆ ಎಂದು ಕೇಳಿಕೊಂಡು ಬಂದವರಿದ್ದಾರೆ. ಆ 17ನೇ ಡಿವಿಜನ್ ಕಾದಿದ ಬರ್ಮಾದ ಕಾಡಿನಲ್ಲಿ 14ನೇ ಸೈನ್ಯದ ಬಹಳಷ್ಟು ಜನ ಕೊನೆಕೊನೆಗೆ ಉಕ್ಕಿನ ಟೋಪಿ ಬಿಟ್ಟು ಅಗಲ ಅಂಚಿನ ಬಟ್ಟೆಯ ಹ್ಯಾಟನ್ನೇ ಹಾಕುತ್ತಿದ್ದರು. ನೀವು ಬರೆದ ಬೆಕ್ಕು ಆ ಮನೆಯ ಮೊಮ್ಮಕ್ಕಳ ಪಾಲಿಗೆ ನಾಳೆ ಇತಿಹಾಸವಾಗಿ ಕೂರುತ್ತದೆ.

ಗಲ್ಲಪಟ್ಟಿಯನ್ನು ಒಗೆಯಬೇಡಿ, ಒಣ ಬ್ರಷ್ಷಿನಲ್ಲಿ ದೂಳು ತೆಗೆದರೆ ಸಾಕು. ಪಟ್ಟಿ ಇಲ್ಲದಿದ್ದರೆ ಹೊಸದಾಗಿ ಮಾಡಿದ್ದು ಸಿಗುತ್ತದೆ, ಹಾಕಿಕೊಳ್ಳಿ, ಹೊಸದೆಂದು ಬರೆದಿಡಿ. ಒಳ ಅಟ್ಟೆಗೆ ಎಣ್ಣೆ, ಪಾಲಿಷ್ ಏನೂ ಬೇಡ. ಮೈಗೆ ಕಾವಲಾಗಿ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಬೆರಳಿನಲ್ಲಿ ಕಾಯಿಸಿ ತೀರಾ ತೆಳ್ಳಗೆ ಹಚ್ಚಬಹುದು. ಹೆಚ್ಚಾದರೆ ಮರಳಿನ ಸಂದಿಯಲ್ಲಿ ಬೆಳ್ಳಗೆ ಕಚ್ಚಿಕೊಳ್ಳುತ್ತದೆ. ಒಳಪದರ ಉದುರುವಂಥದ್ದನ್ನು ಬಿಟ್ಟರೆ, ಕೊಡಗಿನಂಥ ಮಳೆಯ ಊರಿನಲ್ಲಿ ಪ್ಲಾಸ್ಟಿಕ್ ಸುತ್ತಿಡಬೇಡಿ, ಒಳಗೆ ಬೆವರುತ್ತದೆ. ಹತ್ತಿ ಬಟ್ಟೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು, ಒಣಗಿದ ಕಪಾಟಿನಲ್ಲಿಡಿ. ಪಟ್ಟಿ ಹಿಡಿದು ಮೊಳೆಗೆ ತೂಗುಹಾಕಬೇಡಿ, ಒಂದು ಕಿಲೋಗೂ ಮೇಲಿನ ಭಾರ ಹಳೇ ದಾರ ತಡೆಯುವುದಿಲ್ಲ. ಬೈಕ್ ಓಡಿಸುವಾಗ ತಲೆಗೆ ಹಾಕಿಕೊಳ್ಳಲೂ ಬೇಡಿ, ಅದು ರಸ್ತೆಯ ಪೆಟ್ಟಿಗೆ ಮಾಡಿದ್ದಲ್ಲ.

ಕೊನೆಯ ಕೆಲಸ ಒಂದು ಚೀಟಿ. ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಕೆಲಸ ಮಾಡಿದ ತಾರೀಖು, ಯಾವ ಜಾಗದ ಬಣ್ಣ ಹಳೆಯದು, ಯಾವುದು ನಿಮ್ಮದು, ಯಾವ ಬಣ್ಣ ಹೇಗೆ ಕೂಡಿಸಿದಿರಿ, ಏನನ್ನು ಮುಟ್ಟದೆ ಬಿಟ್ಟಿರಿ, ಒಳಗೆ ಸಿಕ್ಕಿದ ಅಂಕಿ, ಅಕ್ಷರ. ನೂಲಿನಿಂದ ಕೊಂಡಿಗೆ ಕಟ್ಟಿ. ನಮ್ಮ ತಾತನ ಹೆಲ್ಮೆಟ್ಟಿನಲ್ಲೂ ಅಂಥ ಒಂದು ಚೀಟಿ ಇದೆ: "ಬಣ್ಣ 1994ರದ್ದು. ಒಳಗೆ ಬಿಳಿಯಲ್ಲಿ ನಂಬರು ಇತ್ತು. ಅಳಿಸಿದ್ದು ಮೊಮ್ಮಗ."